ಮೀನಖಂಡಕ್ಕೆ ಸೈಕಲ್ ಟ್ಯೂಬು

ಹೋದ ಭಾನುವಾರ ಔರಂಗಾಬಾದಿಗೆ ಹೋಗುವ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಲೇಡಿ ಕಂಡಕ್ಟರ್ ಒಬ್ಬಳು ನನ್ನನ್ನು ಎಲ್ಲರ ಎದುರಿಗೆ ಬೈದಳು. "ಆಯಿ, ನಿಮ್ಮ ತಲ್ಯಾಗ ಮೆದುಳ ಐತ್ರ್ಯೋ, ಸಿಮೆಂಟ್ ಐತ್ರ್ಯೋ?" ಅಂದಳು.

(ನಾನು ಕಟ್ಟಡದ ಸೈಟಿನಲ್ಲಿ ದುಡಿದವಳು ಅಂತ ಅವಳಿಗೆ ಹೇಗೆ ತಿಳಿಯಿತೋ!)

ನಾನು ತಿರುಗಿ ಒಂದು ಮಾತೂ ಆಡಲಿಲ್ಲ. ನನ್ನ ಬಾಯಿ ಎಂಥದ್ದು ಅಂತ ವಾರವಾರ ಈ ಅಂಕಣ ಓದುವ ನಿಮಗೆ ಬೇರೆ ಹೇಳಬೇಕೇ? ಅಂಥವಳು ಸುಮ್ಮನೆ ಕೂತೆ. ಯಾಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ಮೊಮ್ಮಗಳ ಕಾಲನ್ನು ನಾನೇ ನನ್ನ ಕೈಯಾರೆ ಕೆಡಿಸುವುದರಲ್ಲಿದ್ದೆ.

ಮೊದಲಿಂದ ಹೇಳುತ್ತೇನೆ.

ನನ್ನ ಮೊಮ್ಮಗಳು ರೇಣುಕಾ. ಹದಿನಾರು ವರ್ಷ. ಹುಟ್ಟಿದ್ದು ವಿಜಾಪುರದ ಹತ್ತಿರ, ಬೆಳೆದದ್ದು ನಾಸಿಕ್ ರೋಡಿನಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಅರ್ಧ ಮರಾಠಿ ಬರುತ್ತದೆ. ನಮ್ಮ ಕಡೆಯಂತೆ ಅಜ್ಜಿಗೆ ಆಯಿ ಅನ್ನುತ್ತಾಳೆ, ಅದೊಂದು ಬಿಟ್ಟಿಲ್ಲ. ಅವಳು ಓಡುತ್ತಾಳೆ. ಮೂರು ಸಾವಿರ ಮೀಟರ್. ಮೈದಾನಕ್ಕೆ ಏಳೂವರೆ ಸುತ್ತು. ಎಲ್ಲಿಗೂ ಹೋಗದೆ ಅಲ್ಲಲ್ಲೇ ತಿರುಗಲು ಇಷ್ಟು ಓಡಬೇಕಾ ಅಂತ ನಾನು ಮೊದಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ.

ಯಾಕೆಂದರೆ ನನ್ನ ಮಗ, ಅಂದರೆ ಅವಳಪ್ಪ, ಒಂದು ಮಾತು ಹೇಳಿಬಿಟ್ಟಿದ್ದ. ಅವನು ಗೌಂಡಿ, ಗೋಡೆ ಕಟ್ಟುವವನು. ಸೊಸೆಯೂ ಅವನ ಜೊತೆ ಸೈಟಿಗೇ ಹೋಗುತ್ತಾಳೆ. ಔರಂಗಾಬಾದಿನಲ್ಲಿ ಸೆಲೆಕ್ಷನ್ ಇದೆ, ಮೊದಲ ಆರು ಮಂದಿಯನ್ನು ಕ್ಯಾಂಪಿಗೆ ತೆಗೆದುಕೊಳ್ಳುತ್ತಾರೆ, ಇರುವುದಕ್ಕೆ ಹಾಸ್ಟೆಲ್ಲು, ಓದುವುದಕ್ಕೆ ಕಾಲೇಜು ಎಲ್ಲ ಅಲ್ಲೇ ಅಂತ ರೇಣುಕಾ ಬಂದು ಹೇಳಿದಾಗ ಅವನು ಅಂದದ್ದು ಇಷ್ಟೇ: "ಆರರಾಗ ಬಂದ್ರ ಓಡು. ಬರಲಿಲ್ಲಂದ್ರ ಹತ್ತನೇ ಕ್ಲಾಸ ಮುಗಿಸಿ ನಮ್ಮ ಕೂಡ ಸೈಟಿಗೆ ಬಾ."

ಅವನದೂ ತಪ್ಪಿಲ್ಲ. ಅವನಿಗೆ ಗೊತ್ತಿರುವುದು ಸೈಟು. ಆದರೆ ತಲೆಯ ಮೇಲೆ ಘಮೇಲಾ ಇಟ್ಟು ಕಾಂಕ್ರೀಟ್ ಹೊರುವವರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಏಳೂವರೆ ಸುತ್ತು ಓಡುವವರು ಎಷ್ಟು ಮಂದಿ?

ಓಡುವುದರಲ್ಲಿ ಅವಳಿಗೆ ಒಂದೇ ತೊಂದರೆ. ಐದು ಸುತ್ತು ಆಗುತ್ತಿದ್ದ ಹಾಗೆ ಬಲಗಾಲಿನ ಮೀನಖಂಡ ಹಿಡಿಯುತ್ತಿತ್ತು. ಮುಟ್ಟಿ ನೋಡಿದರೆ ಒಳಗೆ ಹಸಿ ಗೆಣಸು ಇಟ್ಟ ಹಾಗೆ. ಅದಕ್ಕೆ ಕೋಚ್ ಸರ್ ಒಂದು ಉಪಾಯ ಮಾಡಿದರು. ಹಳೇ ಸೈಕಲ್ ಟ್ಯೂಬನ್ನು ಸೀಳಿ, ಎರಡು ಬೆರಳಿಗಿಂತ ಸ್ವಲ್ಪ ಅಗಲದ ಉದ್ದನೆಯ ಪಟ್ಟಿ ಮಾಡಿದರು. (ಅಂಗಡಿಯಲ್ಲಿ ಇಂಥದ್ದೇ ಬ್ಯಾಂಡು ಚೆಂದನೆಯ ಬಣ್ಣದಲ್ಲಿ ಸಿಗುತ್ತದಂತೆ. ನಮ್ಮ ಸರ್‌ಗೆ ಅಂಗಡಿಗಿಂತ ಪಂಕ್ಚರ್ ತೆಗೆಯುವವನ ಪರಿಚಯ ಜಾಸ್ತಿ.) ಓಡುವ ಮುಂಚೆ ಆ ಪಟ್ಟಿಯನ್ನು ಹಿಮ್ಮಡಿಯ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಬಿಗಿಯಾಗಿ ಸುತ್ತಬೇಕು. ಒಂದು ಸುತ್ತಿನ ಮೇಲೆ ಅರ್ಧ ಇನ್ನೊಂದು ಸುತ್ತು ಬರಬೇಕು. ಕಟ್ಟಿಕೊಂಡು ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ನಾಲ್ಕು ಸಲ ಕೂತು ಏಳಬೇಕು. ಆಮೇಲೆ ಬಿಚ್ಚಬೇಕು.

ಮೊದಲ ದಿನ ಬಿಚ್ಚಿದ ಮೇಲೆ ರೇಣುಕಾ ಎರಡು ಹೆಜ್ಜೆ ಜಿಗಿದು, "ಆಯಿ, ಕಾಲ ಏಕದಂ ಹಲ್ಕ, ಹಗರ ಆಗ್ಯಾದ. ನಂದ ಅಲ್ಲ ಅನಸ್ತದ!" ಅಂದಳು. ಆವತ್ತು ಐದನೇ ಸುತ್ತಿನಲ್ಲಿ ಮೀನಖಂಡ ಹಿಡಿಯಲಿಲ್ಲ. ಏಳನೆಯದರಲ್ಲಿ ಹಿಡಿಯಿತು.

ನಾನು ಬೇಲಿಯ ಹತ್ತಿರ ಕೂತು ನೋಡುತ್ತಿದ್ದೆ. ನೋಡಿ ಒಳಗೊಳಗೇ ನಕ್ಕೆ. ಇದನ್ನು ನನಗೆ ಹೇಳಿಕೊಡುತ್ತಾರಾ?

ಮೂವತ್ತು ವರ್ಷ ನಾನು ಕಟ್ಟಿದ್ದು ಇದನ್ನೇ. ಸೈಟಿನಲ್ಲಿ ನಮ್ಮ ಕಡೆಯ ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ನಿಲ್ಲುವ ಮುಂಚೆ ಹಳೇ ಇಳಕಲ್ ಸೀರೆಯ ಅಂಚು ಹರಿದು ಎರಡೂ ಮೀನಖಂಡಕ್ಕೆ ಬಿಗಿಯುತ್ತಿದ್ದೆವು. ಸೀರೆ ಹರಿದರೂ ಅಂಚು ಹರಿಯುವುದಿಲ್ಲ, ಅದಕ್ಕೆ ಅದೇ ಬೇಕು. ಹಲ್ಲು ಕಚ್ಚಿ ಎಳೆದು ಗಂಟು ಹಾಕಿದರೆ ಬಿಚ್ಚುವುದು ಸಂಜೆಗೆ. ನಾಲ್ಕನೇ ಮಾಳಿಗೆ, ಐದನೇ ಮಾಳಿಗೆ, ಇಟ್ಟಿಗೆ ಹೊತ್ತು ಹತ್ತುತ್ತಿದ್ದೆವು. ಔರಂಗಾಬಾದಿನಲ್ಲೂ ಹೊತ್ತಿದ್ದೇನೆ, ಪೈಠಣ ರಸ್ತೆಯ ಕಾರ್ಖಾನೆ ಶೆಡ್ಡುಗಳಿಗೆ. ಆ ಊರಿನಲ್ಲಿ ನಾನು ನೋಡಿದ್ದು ಮೆಟ್ಟಿಲು ಮಾತ್ರ. ದೌಲತಾಬಾದ್ ಕೋಟೆ ನೋಡಿದ್ದೀರಾ ಅಂತ ಯಾರಾದರೂ ಕೇಳಿದರೆ, ಹತ್ತುವುದು ನನಗೆ ಸಾಕಾಗಿತ್ತು ಅನ್ನುತ್ತೇನೆ.

ಇಂಥವಳಿಗೆ ಕಾಲು ಕಟ್ಟುವ ಪಾಠವೇ? ಸರ್ ಮರಾಠಿಯಲ್ಲಿ ಮಕ್ಕಳಿಗೆ ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಬಿಗಿಯಾಗಿ ಸುತ್ತುವುದರವರೆಗೆ ಕೇಳಿ, ಬೇಲಿಯ ಹೊರಗೆ ಕೂತಿದ್ದ ಸೊಪ್ಪಿನವಳ ಹತ್ತಿರ ಹೋದೆ. ತಿರುಗಿ ಬರುವಷ್ಟರಲ್ಲಿ ಪಟ್ಟಿ ಬಿಚ್ಚಿ ಆಗಿತ್ತು, ಎಷ್ಟು ಹೊತ್ತು ಕಟ್ಟಿದ್ದರು ಅಂತ ಕೇಳಲಿಲ್ಲ.

ಅಲ್ಲೇ ತಪ್ಪಿದ್ದು.

ಶನಿವಾರ ರೇಣುಕಾಗೆ ಶಾಲೆಯಲ್ಲಿ ಪರೀಕ್ಷೆ. ಸರ್ ಉಳಿದ ಮಕ್ಕಳನ್ನು ಕರೆದುಕೊಂಡು ಒಂದು ದಿನ ಮೊದಲೇ ಹೋದರು. ಭಾನುವಾರ ಮಗ ಸೊಸೆಗೆ ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ಶುರುವಾದರೆ ಮುಗಿಯುವವರೆಗೆ ಯಾರನ್ನೂ ಬಿಡುವುದಿಲ್ಲ, ಅದು ನಿಮಗೂ ಗೊತ್ತು. ಉಳಿದವಳು ನಾನು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಇಬ್ಬರೂ ಬಸ್ ಹತ್ತಿದೆವು. ಓಟ ಸಂಜೆ ನಾಲ್ಕಕ್ಕೆ.

ನಿಫಾಡ ದಾಟಿತು. ರೇಣುಕಾ ಕಿಟಕಿಯ ಹೊರಗೆ ದ್ರಾಕ್ಷಿ ತೋಟ ನೋಡುತ್ತಾ ಕೂತಿದ್ದಳು. ಕೈ ಮಾತ್ರ ಮೀನಖಂಡ ಹಿಸುಕುತ್ತಿತ್ತು. ಹೆದರಿದ್ದಾಳೆ ಅಂತ ಗೊತ್ತಾಯಿತು.

"ತಾ ಆ ಪಟ್ಟಿ. ನಾ ಕಟ್ತೀನಿ," ಅಂದೆ.

"ಸರ್ ಅಲ್ಲೇ ಬಾಂಧತಾರ ಆಯಿ, ವಾರ್ಮಪ್ ಟೈಮ್‌ಗೆ."

"ಸರ್ ಬೇಕಾಗ್ಯಾರ? ಇಲ್ಲಿಂದ ಕಟಗೊಂಡ ಹೋದ್ರ ಮೈದಾನಕ್ಕ ಹೋಗೂದ್ರೊಳಗ ಕಾಲು ಗಟ್ಟಿ ಆಗಿರ್ತಾವ. ನಿಮ್ಮ ಸರ್ ಹುಟ್ಟೂಕಿಂತ ಮೊದಲಿಂದ ಕಟ್ಟೇನಿ ನಾ."

ಅವಳು ಕಾಲು ಚಾಚಿದಳು. ನಾನು ಸುತ್ತಿದೆ. ಸೀರೆಯ ಅಂಚು ಎಳೆದ ಹಾಗೆ, ಸೀಟಿಗೆ ಮೊಣಕಾಲು ಕೊಟ್ಟು ಎಳೆದೆ. ರಬ್ಬರು ಬಟ್ಟೆಯಲ್ಲವಲ್ಲ, ಎಳೆದಷ್ಟೂ ಬರುತ್ತದೆ, ಬಂದದ್ದು ವಾಪಸ್ ಹಿಂಡುತ್ತದೆ. ಅದು ನನ್ನ ತಲೆಗೆ ಹೋಗಲಿಲ್ಲ. ತುದಿಯನ್ನು ಒಳಗೆ ಸಿಕ್ಕಿಸಿ, ಮೇಲೆ ಸಲವಾರ್ ಇಳಿಬಿಟ್ಟು, "ಹಾಂ, ಈಗ ಓಡು," ಅಂದೆ. ಅವಳು ನಕ್ಕಳು. ನಾನು ನಿದ್ದೆ ಮಾಡಿದೆ.

ಯೆವಲಾದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಎದ್ದೆ. ರೇಣುಕಾ ಎದ್ದಳು, ಒಂದು ಹೆಜ್ಜೆ ಇಟ್ಟಳು, ಪಕ್ಕದ ಸೀಟಿನ ಮುದುಕನ ತೊಡೆಯ ಮೇಲೆ ಬಿದ್ದಳು.

"ಕಾಲಿಗೆ ಏನಾಗ್ಯಾದ?" ಅಂದೆ.

"ಕಾಯ್ ನಾಹಿ," ಅಂದಳು. ಏನೂ ಇಲ್ಲವಂತೆ. ಮುಖ ಬಿಳಿಚಿತ್ತು.

ಬಾಗಿಲ ಹತ್ತಿರ ಟಿಕೆಟ್ ಚೀಲ ಸರಿಮಾಡಿಕೊಳ್ಳುತ್ತಿದ್ದ ಕಂಡಕ್ಟರ್ ಇದನ್ನು ನೋಡಿದಳು. ಬಂದಳು, ಕೇಳಲಿಲ್ಲ, ಸಲವಾರ್ ಎತ್ತಿದಳು. ಪಾದ ಮಾಸಿದ ನೀಲಿ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತಣ್ಣಗೆ, ಮಡಕೆ ಮುಟ್ಟಿದ ಹಾಗೆ.

ಇದನ್ನು ಯಾರು ಕಟ್ಟಿದ್ದು ಅಂತ ಮರಾಠಿಯಲ್ಲಿ ಕೂಗಿದಳು. ನನ್ನ ಬಾಯಿಂದ ಕನ್ನಡ ಬಂತು: "ನಾನವ್ವಾ, ನಾನ ಕಟ್ಟೀನಿ." ಅವಳೂ ಕನ್ನಡಕ್ಕೆ ತಿರುಗಿದಳು. ಸಾಂಗಲಿ ಜಿಲ್ಲೆಯ ಜತ್ತ ಕಡೆಯವಳಂತೆ, ಅಲ್ಲಿ ಮನೆಮಾತು ಕನ್ನಡವೇ. ತಲೆಯಲ್ಲಿ ಸಿಮೆಂಟಿದೆಯಾ ಅಂತ ಕೇಳಿದ್ದು ಆಗ. ಬೈಗುಳಕ್ಕೆ ನಮ್ಮ ಭಾಷೆ ಸಿಕ್ಕಿತು ಅಂತ ಅವಳಿಗೆ ಸಂತೋಷವಾಗಿರಬೇಕು, ಒಂದಕ್ಕೇ ನಿಲ್ಲಿಸಲಿಲ್ಲ.

"ಹಾಂವ ಕಡದವರಿಗೂ ಇಷ್ಟ ಬಿಗಿ ಕಟ್ಟೂದಿಲ್ರಿ! ಎಷ್ಟೊತ್ತಾತು ಕಟ್ಟಿ?"

"ನಿಫಾಡದಾಗ."

"ನಿಫಾಡದಾಗ! ಒಂದ ತಾಸಾತಲ್ರಿ! ಆಯಿ ಅದೀರೋ ವೈರಿ ಅದೀರೋ?"

ಬೈಯುತ್ತಲೇ ಬಿಚ್ಚಿದಳು. ಬಿಚ್ಚಿದಲ್ಲೆಲ್ಲ ತೊಗಲಿನ ಮೇಲೆ ಟ್ಯೂಬಿನ ಗೆರೆ. ರಕ್ತ ಇಳಿಯುವಾಗ ರೇಣುಕಾ ಮೊದಲ ಸಲ ಬಾಯಿ ತೆಗೆದು ಅತ್ತಳು. ಇರುವೆ ಹರಿದಾಡಿದ ಹಾಗೆ, ಸೂಜಿ ಚುಚ್ಚಿದ ಹಾಗೆ ಆಗುತ್ತದೆ, ನನಗೆ ಗೊತ್ತು. ಕಂಡಕ್ಟರ್ ತನ್ನ ಸೀಟಿನಲ್ಲಿ ಅವಳನ್ನು ಕೂರಿಸಿ, ತನ್ನ ಚಹಾ ಅವಳಿಗೇ ಕುಡಿಸಿದಳು. ಬಸ್ಸು ಹೊರಟ ಮೇಲೆ ತಾನು ಕಂಬಿ ಹಿಡಿದು ನಿಂತು, ಪ್ರತಿ ಸ್ಟಾಪಿಗೂ, "ಏ ಪೋರಿ, ಬೆರಳ ಅಳಗ್ಯಾಡ್ಸ," ಅನ್ನುತ್ತಾ ಬಂದಳು. ವೈಜಾಪುರ ಬರುವಷ್ಟರಲ್ಲಿ ಪಾದಕ್ಕೆ ಬಣ್ಣ ಬಂತು. ಐದೂ ಬೆರಳು ಆಡಿದವು.

ನಾನು ಆಗ ಕೇಳಿದೆ. "ಹುಡುಗೀ, ಕಾಲು ಸಾಯಾಕ ಹತ್ತಿದ್ದು ನಿನಗ ಗೊತ್ತಾಗಲಿಲ್ಲೇನ? ಯಾಕ ಹೇಳಲಿಲ್ಲ?"

"ಗೊತ್ತಾತು."

"ಮತ್ತ?"

"ನೀ ಬಾಂಧಿದ್ದಿ ಅಲ್ಲ ಆಯಿ. ಬಿಚ್ಚು ಅಂದ್ರ ನಿನಗ ವಾಯಿಟ್ ವಾಟೇಲ್ ಅಂತ…"

ನನಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದಳಂತೆ. ಕೇಳಿದಿರಾ? ಓಡುವವಳಿಗೆ ಇರುವುದು ಎರಡು ಕಾಲು. ಅದರಲ್ಲಿ ಒಂದನ್ನು ಅಜ್ಜಿಯ ಮರ್ಯಾದೆಗೆ ಕೊಟ್ಟು ಕೂತಿದ್ದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಈ ವಿದ್ಯೆ ಅವಳಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಸೈಟಿನಲ್ಲಿ ನೋವು ಅಂದವರನ್ನು ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಮಾರನೇ ದಿನ ಕರೆಯುವುದಿಲ್ಲ. ಹೀಗಾಗಿ ನಾವು ನೋವು ಅನ್ನಲಿಲ್ಲ. ನಾವು ಕಾಲು ಕಟ್ಟುತ್ತಿದ್ದದ್ದು ಯಾಕೆ ಅಂತ ಬಸ್ಸಿನಲ್ಲಿ ಕೂತು ಮೊದಲ ಸಲ ಯೋಚಿಸಿದೆ. ಶಕ್ತಿ ಬರಲಿ ಅಂತ ಅಂದುಕೊಂಡಿದ್ದೆ. ಎಲ್ಲಿಯ ಶಕ್ತಿ? ಮಧ್ಯಾಹ್ನದ ಮೇಲೆ ಕಾಲು ಇದೆಯೋ ಇಲ್ಲವೋ ತಿಳಿಯಬಾರದು ಅಂತ ಕಟ್ಟುತ್ತಿದ್ದೆವು. ತಿಳಿಯದಿದ್ದರೆ ಇನ್ನೊಂದು ಮಾಳಿಗೆ ಹತ್ತಬಹುದಲ್ಲ. ಅದನ್ನೇ ನಾನು ದೊಡ್ಡ ಅನುಭವ ಅಂತ ಓಡುವ ಹುಡುಗಿಯ ಕಾಲಿಗೆ ಸುತ್ತಿದೆ. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ನಾನು ಯಾವಾಗಲೋ ಕಲಿಸಿಬಿಟ್ಟಿದ್ದೆ, ಯಾವ ದಿನ ಅಂತ ನೆನಪಿಲ್ಲ.

ಔರಂಗಾಬಾದ್ ಬಂತು. (ಬಸ್ಸಿನಲ್ಲಿ ಅರ್ಧ ಜನ ಊರಿನ ಹೊಸ ಹೆಸರು ಹಿಡಿದು ಸಂಭಾಜಿನಗರ ಅನ್ನುತ್ತಿದ್ದರು, ಇಳಿದದ್ದು ಎಲ್ಲರೂ ಒಂದೇ ಸ್ಟ್ಯಾಂಡಿನಲ್ಲಿ.) ಇಳಿಯುವಾಗ ಕಂಡಕ್ಟರ್ ರೇಣುಕಾಳ ಬೆನ್ನಿಗೆ ಒಂದು ಗುದ್ದಿ, "ಓಡಿ ತೋರಸ್ಬೇಕ ನೋಡ ಮತ್ತ," ಅಂದಳು. ನನ್ನ ಕಡೆ ನೋಡಲೂ ಇಲ್ಲ. ನಾನೂ ಥ್ಯಾಂಕ್ಸ್ ಅನ್ನಲಿಲ್ಲ. ಆ ಮಾತು ನಮ್ಮ ನಾಲಿಗೆಗೆ ಹೊರಳುವುದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ತಂಗೀ, ನಿನ್ನ ಉಪಕಾರ ದೊಡ್ಡದು. ಅವಳಿಗೆ ಕನ್ನಡ ಓದಲು ಬರುವುದಿಲ್ಲವಂತೆ, ಶಾಲೆ ಕಲಿತದ್ದು ಮರಾಠಿಯಲ್ಲಿ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ಕೋಚ್ ಸರ್ ಮುಂದೆ ನಿಲ್ಲಬೇಕಿತ್ತು.

ಬಸ್ಸಿನಲ್ಲಿ ಏನಾಯಿತೆಂದು ಹೇಳದೆ ಇರಬಹುದಿತ್ತು. ರೇಣುಕಾ ಕಣ್ಣಲ್ಲೇ ಬೇಡ ಅಂದಳು. ಓಡಿಸದೆ ಕೂರಿಸಿಬಿಟ್ಟರೆ? ಆರರೊಳಗೆ ಬರುವ ಮಾತು ಹಾಗಿರಲಿ, ನಿಲ್ಲುವುದಕ್ಕೂ ಬಿಡದಿದ್ದರೆ? ಆದರೆ ನಾನು ಹೇಳಿದೆ. ಕಾಲು ಅವಳದು, ತಪ್ಪು ನನ್ನದು, ಮುಚ್ಚಿಟ್ಟರೆ ಅದಕ್ಕೆ ಏನಂತ ಹೆಸರಿಡಲಿ?

ಸರ್ ಬೈಯಲಿಲ್ಲ. ನೆಲಕ್ಕೆ ಕೂತು ಅವಳ ಪಾದ ಮಡಿಲಲ್ಲಿಟ್ಟುಕೊಂಡರು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರು, ಬಿಳಿಯಾದದ್ದು ತಕ್ಷಣ ಕೆಂಪಾಯಿತು. ಕಣ್ಣು ಮುಚ್ಚಿಸಿ ಒಂದೊಂದೇ ಬೆರಳು ಮುಟ್ಟಿ, ಯಾವುದು ಹೇಳು ಅಂದರು. ಎಲ್ಲ ಸರಿ ಹೇಳಿದಳು. ಒಂಟಿ ಕಾಲಲ್ಲಿ ಕುಣಿಸಿದರು. ನಡೆಸಿದರು, ನಿಧಾನ ಓಡಿಸಿದರು, ತಾಸು ಬಿಟ್ಟು ಮತ್ತೆ ನೋಡಿದರು. ಕೊನೆಗೆ, "ಓಡಲಿ. ಆದರೆ ಸ್ವಲ್ಪ ಹೆಚ್ಚುಕಮ್ಮಿ ಅನಿಸಿದರೆ ಅಲ್ಲೇ ನಿಲ್ಲಬೇಕು," ಅಂದರು.

ನಾನು ಪಟ್ಟಿಯನ್ನು ಸರ್ ಕೈಗೆ ಕೊಟ್ಟೆ. "ಇನ್ನು ನಾನು ಇದನ್ನು ಮುಟ್ಟುವುದಿಲ್ಲ," ಅಂದೆ, ನನ್ನ ಹರಕು ಮರಾಠಿಯಲ್ಲಿ.

ಅವರು ವಾಪಸ್ ನನ್ನ ಕೈಯಲ್ಲೇ ಇಟ್ಟರು.

"ಆಜಿ, ನೀವೇ ಕಟ್ಟಿ. ನಿಮ್ಮ ಕೈಗೆ ಸುತ್ತುವುದು ನನಗಿಂತ ಚೆನ್ನಾಗಿ ಗೊತ್ತು. ಬಿಚ್ಚುವುದು ಯಾವಾಗ ಅಂತ ನಾನು ಹೇಳುತ್ತೇನೆ."

ಇದನ್ನು ನಾನು ಮರೆಯುವುದಿಲ್ಲ. ತಪ್ಪು ಮಾಡಿದವರ ಕೈಯಿಂದ ಕೆಲಸ ಕಸಿದುಕೊಳ್ಳುವವರನ್ನೇ ನಾನು ಜೀವನವಿಡೀ ನೋಡಿದ್ದು. ಒಂದು ಸಲ ಇಟ್ಟಿಗೆ ಜಾರಿ ಬಿದ್ದದ್ದಕ್ಕೆ ಮುಕಾದಮ ನನ್ನನ್ನು ಒಂದು ವಾರ ಗಾರೆ ಕಲಸಲು ಹಾಕಿದ್ದ. ತಪ್ಪು ಮಾಡಿದ ಕೈಗೇ ಅದೇ ಕೆಲಸ ತಿರುಗಿ ಕೊಟ್ಟವರು ಇವರೊಬ್ಬರೇ.

ಕೂತೆ. ಹಿಮ್ಮಡಿಯ ಮೇಲಿಂದ ಶುರುಮಾಡಿದೆ. ಸರ್ ರೇಣುಕಾಗೆ ಹೇಳಿದರು: "ಹತ್ತರಲ್ಲಿ ಎಷ್ಟು ಬಿಗಿ ಅಂತ ಆಜಿಗೆ ಹೇಳು. ಹತ್ತು ಅಂದರೆ ತಡೆಯಲಾರೆ ಅಂತ. ಏಳು ದಾಟಬಾರದು."

ಅವಳು ನನ್ನನ್ನು ನೋಡಿದಳು.

"ಹೇಳ," ಅಂದೆ.

"…ಸಾತ್," ಅಂದಳು ಸಣ್ಣಗೆ. ಏಳು.

"ಖರೇ ಹೇಳ. ಇಲ್ಲಿ ನಿನ್ನ ಆಯಿ ಇಲ್ಲ, ಸೈಟಿಲ್ಲ."

"ನೌ. ಒಂಬತ್ತು. ಭಾಳ ಬಿಗಿ ಆಗ್ಯಾದ ಆಯಿ, ಸಡ್ಲ ಮಾಡು."

ಸಡಿಲ ಮಾಡಿದೆ. "ಈಗ?" "ಆರು." "ಹಾಂ." ಸರ್ ಗಡಿಯಾರ ನೋಡಿದರು. ಅವಳು ಪಾದ ಆಡಿಸಿದಳು, ಕೂತಳು, ಎದ್ದಳು. ಎರಡು ನಿಮಿಷ. "ಬಿಚ್ಚಿ ಆಜಿ." ಬಿಚ್ಚಿದೆ. ಎರಡೇ ನಿಮಿಷ! ಆವತ್ತು ಸೊಪ್ಪಿನವಳ ಹತ್ತಿರ ಹೋಗದೆ ಇನ್ನೊಂದು ಗಳಿಗೆ ನಿಂತಿದ್ದರೆ ಈ ಮಾತು ಆವತ್ತೇ ನನ್ನ ಕಿವಿಗೆ ಬೀಳುತ್ತಿತ್ತು.

ನಾಲ್ಕಕ್ಕೆ ಓಟ. ಹದಿನೆಂಟು ಹುಡುಗಿಯರು. ಹಗ್ಗದ ಈಚೆ ನಾನು.

ಮೂರು ಸುತ್ತಿನವರೆಗೆ ಎಲ್ಲ ಗುಂಪಾಗಿದ್ದರು, ಯಾರು ಎಷ್ಟನೆಯವರು ಅಂತ ತಿಳಿಯಲಿಲ್ಲ. ಐದನೇ ಸುತ್ತಿಗೆ ರೇಣುಕಾ ಏಳನೆಯವಳು. ಅದೇ ಸುತ್ತು, ಅದೇ ಮೀನಖಂಡ. ನಾನು ಮುಖ ನೋಡಲಿಲ್ಲ, ಬಲಗಾಲನ್ನೇ ನೋಡಿದೆ. ಕುಂಟಲಿಲ್ಲ. ಆರನೇ ಸುತ್ತು. ನನ್ನ ಮುಂದೆ ಹಾದುಹೋಗುವಾಗ ಅವಳು ಏದುಸಿರಲ್ಲೇ ಕೂಗಿದಳು: "ಚಾರ್!"

ಪಕ್ಕದ ಹೆಂಗಸು, "ನಾಲ್ಕು ಅಂದರೆ ಏನು?" ಅಂತ ಕೇಳಿದಳು. ಅದು ನಮ್ಮಿಬ್ಬರ ಲೆಕ್ಕ. ಹತ್ತರಲ್ಲಿ ನಾಲ್ಕು. ಮೀನಖಂಡ ಹಿಡಿದಿದೆ, ಆದರೆ ನಾಲ್ಕೇ.

ಕೊನೆಯ ಸುತ್ತಿನಲ್ಲಿ ಮುಂದಿದ್ದವಳು ಒಬ್ಬಳು ಹಿಂದೆ ಬಿದ್ದಳು. ಇನ್ನೊಬ್ಬಳನ್ನು ಇವಳೇ ದಾಟಿದಳು. ಐದನೆಯವಳಾಗಿ ಗೆರೆ ಮುಟ್ಟಿ, ಹುಲ್ಲಿನ ಮೇಲೆ ಬಿದ್ದುಕೊಂಡಳು. ನಾನು ಹೋಗಿ ಕಾಲು ಮುಟ್ಟಿದೆ. ಬಿಸಿಯಾಗಿತ್ತು. ಅಷ್ಟು ಸಾಕಾಯಿತು ನನಗೆ.

ಸರ್‌ಗೆ ಕೇಳಿದೆ, ಇದು ಟ್ಯೂಬಿನ ಮಹಿಮೆಯೇ ಅಂತ. ಅವರು ತಲೆ ಕೆರೆದುಕೊಂಡರು. "ಆಜಿ, ಖರೇ ಹೇಳಬೇಕೆಂದರೆ ಪೂರ್ತಿ ನನಗೂ ಗೊತ್ತಿಲ್ಲ. ಬಿಗಿ ಬಿಚ್ಚಿದಾಗ ರಕ್ತ ನುಗ್ಗುತ್ತದೆ, ಹಿಡಿದ ಮಾಂಸ ಸ್ವಲ್ಪ ಸಡಿಲಾಗುತ್ತದೆ, ಪಾದ ಚೆನ್ನಾಗಿ ಮಡಚುತ್ತದೆ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಕಾಲು ಹಗುರಾಯಿತು ಅಂತ ಮನಸ್ಸಿಗೆ ಅನಿಸಿದರೂ ಒಂದು ಹೆಜ್ಜೆ ಜಾಸ್ತಿ ಬೀಳುತ್ತದೆ. ಓಡಿದ್ದು ಮಾತ್ರ ಟ್ಯೂಬಲ್ಲ."

ಗೊತ್ತಿಲ್ಲ ಅನ್ನುವ ಮೇಷ್ಟ್ರನ್ನು ನಾನು ಇದೇ ಮೊದಲು ನೋಡಿದ್ದು. ಅವರಿಗೂ ಇಲ್ಲಿಂದಲೇ ನಮಸ್ಕಾರ.

ಸರ್ ಅವರ ಫೋನಿನಿಂದಲೇ ಮಗನ ಜೊತೆ ಮಾತಾಡಿದೆ. "ಐದನೇದಾಕಿ ಆಗ್ಯಾಳ. ಆರರಾಗ ಬಂತಲ್ಲೋ?" ಅಂದೆ. ಆ ಕಡೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು. ಆಮೇಲೆ, "ಬಂತ ಬಿಡಬೇ. ಹೋಗ್ಲಿ ಕ್ಯಾಂಪಿಗೆ. ಸ್ಲ್ಯಾಬೂ ಚೊಲೊ ಆಗಾಕ ಹತ್ತೈತಿ," ಅಂದ. ನಮ್ಮ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಸಂಭ್ರಮ ಇಲ್ಲ.

ಕ್ಯಾಂಪಿಗೆ ಹೋಗಲು ಅವಳಿಗೆ ಇನ್ನು ಹತ್ತು ದಿನವಿದೆ. ಒಂದು ಹೊಸ ತಾಪತ್ರಯ ಶುರುವಾಗಿದೆ. ಹೇಳು ಹೇಳು ಅಂತ ಕಲಿಸಿದ ಮೇಲೆ ಹುಡುಗಿ ಹೇಳುತ್ತಿದ್ದಾಳೆ. ಬುಧವಾರ ಬೆಳಿಗ್ಗೆ ಶಾಲೆಗೆ ಹೊರಟಾಗ ಜಡೆ ಹಾಕುತ್ತಿದ್ದೆ. ಕೂದಲು ಎಳೆದು ರಿಬ್ಬನ್ ಬಿಗಿದೆ.

"ಆಯಿ, ಆಠ್."

"ಏನ ಎಂಟು?"

"ಜಡಿ. ಭಾಳ ಬಿಗಿ ಹಾಕ್ತಿ ನೀ. ಶಾಳೆ ಬಿಡೂತನಕ ತಲಿ ನೋಯ್ತದ."

"ಎಷ್ಟ ದಿವಸದಿಂದ?"

"ಪೈಲೀ ಪಾಸೂನ್." ಒಂದನೇ ಕ್ಲಾಸಿನಿಂದ.

ಜಡೆ ಬಿಚ್ಚಿ ಮತ್ತೆ ಹೆಣೆದೆ, ಐದಕ್ಕೆ ತಂದು ನಿಲ್ಲಿಸಿದೆ. ಹತ್ತು ವರ್ಷ ದಿನಾ ಬೆಳಿಗ್ಗೆ ನೋಯಿಸಿ, ಅದಕ್ಕೆ ಪ್ರೀತಿ ಅಂತ ಹೆಸರಿಟ್ಟುಕೊಂಡಿದ್ದೆ. ನಿಮ್ಮ ಮನೆಯಲ್ಲಿ ನೀವು ಯಾರನ್ನಾದರೂ ಹತ್ತರಲ್ಲಿ ಎಷ್ಟು ಅಂತ ಕೇಳಿದ್ದೀರಾ?